ಹಳೆಯ ಕಾರು ನಡುಗಿದಾಗ

ಗೌರಸಮುದ್ರದ ಮಾರಮ್ಮನ ಜಾತ್ರೆಯನ್ನು ಚಿತ್ರದುರ್ಗ ಜಿಲ್ಲೆಯವರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಭಾದ್ರಪದ ಬಂತೆಂದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಜನರೂ ಗಡಿಯಾಚೆ ಆಂಧ್ರದ ಹಳ್ಳಿಗಳ ಜನರೂ ಆ ಊರಿನ ದಾರಿ ಹಿಡಿಯುತ್ತಾರೆ. ಹಿಂದೆ ಕಮಾನು ಬಂಡಿ ಕಟ್ಟಿಕೊಂಡು ಬರುತ್ತಿದ್ದವರ ಮೊಮ್ಮಕ್ಕಳು ಇಂದು ಟ್ರಾಕ್ಟರಿನಲ್ಲಿ, ಆಟೋದಲ್ಲಿ, ಕಾರಿನಲ್ಲಿ ಬರುತ್ತಾರೆ. ೨೦೨೩ರ ಜಾತ್ರೆಗೆ ನಾನೂ ಹೋಗಿದ್ದೆ. ಅಲ್ಲಿ ನಮ್ಮ ಅಕ್ಕನ ಮನೆ ಇದೆ. ಆ ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಂತಿದ್ದ ಒಂದು ಕಾರಿನ ವಿಚಾರವನ್ನೇ ನಾನು ಈಗ ತಮಗೆ ಹೇಳಬೇಕೆಂದಿದ್ದೇನೆ.

ಅದು ೧೯೮೮ರ ಪೆಟ್ರೋಲ್ ಅಂಬಾಸಡರ್. ಶೇಂಗಾ ಬೆಳೆ ಕೈಹಿಡಿದ ಒಂದು ವರ್ಷ ಭಾವನವರು ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ಊರಿನಲ್ಲಿ ಎಷ್ಟೋ ಮದುವೆಯ ಗಂಡುಗಳು ಅದರಲ್ಲಿ ಮೆರವಣಿಗೆ ಹೋಗಿದ್ದಾರೆ. ಆದರೆ ಆ ವರ್ಷ ಅದರ ಕೆಲಸ ಬೇರೆಯಾಗಿತ್ತು. ಅಕ್ಕನಿಗೆ ಮೂತ್ರಪಿಂಡದ ತೊಂದರೆ. ವಾರಕ್ಕೆ ಎರಡು ಸಲ ಚಳ್ಳಕೆರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಆ ಚಿಕಿತ್ಸೆ ಮುಗಿದ ಮೇಲೆ ಬಸ್ಸಿನಲ್ಲಿ ನಿಂತು ಬರುವ ಶಕ್ತಿ ಯಾರಿಗೂ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಕೊಂಡು ಬರಬಹುದಾದ ಆ ಗಾಡಿ ಅಕ್ಕನ ಪಾಲಿಗೆ ಅರ್ಧ ಔಷಧಿ.

ಅಂಥ ಗಾಡಿ ನಡುಗತೊಡಗಿತ್ತು. ನಿಂತಲ್ಲೇ ಇಂಜಿನು ಚಾಲೂ ಮಾಡಿದರೆ ಬಾಗಿಲ ಗಾಜುಗಳು ಗಡಗಡ ಎನ್ನುತ್ತಿದ್ದವು. ಸ್ಟಿಯರಿಂಗ್ ಹಿಡಿದ ಕೈ ಜುಮ್ಮೆನ್ನುತ್ತಿತ್ತು. ಒಬ್ಬ ಮೇಸ್ತ್ರಿ ಬಾನೆಟ್ ಎತ್ತಿ ಒಂದು ನಿಮಿಷ ಕಿವಿಗೊಟ್ಟು, “ಬೋರು ಹೋಗಿದೆ, ಪೂರಾ ಇಂಜಿನು ಇಳಿಸಬೇಕು, ೬೦,೦೦೦ ರೂಪಾಯಿ ಇಟ್ಟುಕೊಳ್ಳಿ” ಎಂದಿದ್ದ. ಇನ್ನೊಬ್ಬರು, “ಇದಕ್ಕೆ ದುಡ್ಡು ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಗುಜರಿಗೆ ೨೮,೦೦೦ಕ್ಕೆ ಕೊಟ್ಟುಬಿಡಿ” ಎಂದಿದ್ದರು. ಇದರ ಮೇಲೆ ಅಕ್ಟೋಬರಿಗೆ ಗಾಡಿಯ ನೋಂದಣಿಯ ಅವಧಿಯೂ ಮುಗಿಯುವುದಿತ್ತು. ನಾನು ಮೋಟಾರು ರಿಪೇರಿಯ ಕೆಲಸವನ್ನು ಹುಡುಗರಿಗೆ ಕಲಿಸಿ ನಿವೃತ್ತನಾದವನು. ಭಾವನವರು ಊಟದ ಎಲೆಯ ಮುಂದೆಯೇ ಕೇಳಿದರು: “ಹೇಳಪ್ಪ, ರಿಪೇರಿಯೋ, ಗುಜರಿಯೋ?”

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕುಳಿತೇ ಅಂದಳು: “ಗಾಡಿ ನಡುಗಿದರೆ ನನಗೇನೂ ಭಯವಿಲ್ಲ ಕಣೋ. ದಾರೀಲಿ ನಿಂತರೆ ಭಯ.”

ಈ ಮಾತನ್ನು ತಾವು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಹಳೆಯ ಗಾಡಿಯ ವಿಷಯದಲ್ಲಿ ಕೇಳಬೇಕಾದ ಸರಿಯಾದ ಪ್ರಶ್ನೆ ಅದೇ.

ನಮ್ಮ ಕಡೆ ಎತ್ತು ಕೊಳ್ಳುವ ಹಿರಿಯರನ್ನು ನೀವು ನೋಡಿರುತ್ತೀರಿ. ಎತ್ತು ಕುಂಟುತ್ತಿದೆ ಎಂದ ಮಾತ್ರಕ್ಕೆ ಅವರು ಹಗ್ಗ ಬಿಟ್ಟು ಹೋಗುವುದಿಲ್ಲ. ನಡೆಸಿ ನೋಡುತ್ತಾರೆ, ಓಡಿಸಿ ನೋಡುತ್ತಾರೆ, ಭಾರ ಹೂಡಿ ನೋಡುತ್ತಾರೆ. ಗೊರಸಿನಲ್ಲಿ ಮುಳ್ಳು ಸಿಕ್ಕಿದ್ದರೆ ಅದು ಒಂದು ಮಾತು. ಕೀಲು ಸವೆದಿದ್ದರೆ ಇನ್ನೊಂದು ಮಾತು. ಎರಡರಲ್ಲೂ ಕುಂಟು ಒಂದೇ. ಕಾರಿನ ನಡುಕವೂ ಹೀಗೆಯೇ. ೫೦ ರೂಪಾಯಿಯ ರಬ್ಬರು ನಳಿಕೆ ಬಿರುಕು ಬಿಟ್ಟರೂ ನಡುಗುತ್ತದೆ, ಇಂಜಿನಿನ ಹೊಟ್ಟೆಯೊಳಗಿನ ಬೇರಿಂಗು ಸವೆದರೂ ನಡುಗುತ್ತದೆ. ಎಲ್ಲಿಂದ ಎಂದು ತಿಳಿಯುವ ಮೊದಲೇ ಬೆಲೆ ಕಟ್ಟುವುದು ಕಾಲು ನೋಡದೆ ಎತ್ತನ್ನು ಮಾರಿದ ಹಾಗೆ.

ಮೊದಲು ಇಂಜಿನು ಏಕೆ ನಡುಗುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ಅಂಬಾಸಡರಿನಲ್ಲಿರುವುದು ನಾಲ್ಕು ಸಿಲಿಂಡರುಗಳ ೧೪೮೯ ಘನ ಸೆಂಟಿಮೀಟರಿನ ಇಂಜಿನು. ಪ್ರತಿಯೊಂದು ಸಿಲಿಂಡರಿನಲ್ಲೂ ಪಿಸ್ಟನ್ನು ಎರಡು ಸಲ ಮೇಲೆ ಕೆಳಗೆ ಓಡಾಡಿದಾಗ ಒಂದು ಸಲ ಕಿಡಿ ಹತ್ತುತ್ತದೆ. ಅಂದರೆ ಇಂಜಿನು ಎರಡು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಿಲಿಂಡರುಗಳೂ ಒಂದೊಂದು ಸಲ ಒದೆಯುತ್ತವೆ. ಐಡ್ಲಿಂಗಿನಲ್ಲಿ, ಎಂದರೆ ಆಕ್ಸಿಲರೇಟರಿನಿಂದ ಕಾಲೆತ್ತಿದಾಗ, ಇಂಜಿನು ನಿಮಿಷಕ್ಕೆ ೬೦೦ ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಆಗ ಸೆಕೆಂಡಿಗೆ ೧೦ ಸುತ್ತು, ೨೦ ಒದೆತ. ಈ ೨೦ ಒದೆತಗಳು ಒಂದೇ ಬಲದಲ್ಲಿ, ಒಂದೇ ಅಂತರದಲ್ಲಿ ಬಿದ್ದರೆ ಕೈಗೆ ಬರಿಯ ಗುಂಯ್‌ಗುಟ್ಟುವಿಕೆಯಾಗಿ ತಿಳಿಯುತ್ತದೆ. ನಾಲ್ವರಲ್ಲಿ ಒಬ್ಬ ಕೆಲಸ ಬಿಟ್ಟರೆ ಸೆಕೆಂಡಿಗೆ ೫ ಸಲ ಒಂದು ಖಾಲಿ ಬೀಳುತ್ತದೆ. ಆ ಖಾಲಿ ಬಂದಾಗಲೆಲ್ಲ ಇಂಜಿನು ಜಗ್ಗುತ್ತದೆ. ನಾಲ್ಕು ಜನ ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬನ ಕಾಲು ಎಡವಿದರೆ ದೇವರು ಒಂದು ಕಡೆ ವಾಲುವಂತೆಯೇ ಇದು. ಗ್ಯಾರೇಜಿನವರು ‘ಮಿಸ್ಸಿಂಗ್’ ಎನ್ನುವುದು ಇದನ್ನೇ.

ಎಲ್ಲ ಸರಿಯಿದ್ದರೂ ಇಂಜಿನು ಪೂರ್ತಿ ಅಲುಗದೆ ಇರುವುದಿಲ್ಲ. ನಾಲ್ಕು ಸಿಲಿಂಡರಿನ ಇಂಜಿನಿನಲ್ಲಿ ಎರಡು ಪಿಸ್ಟನ್ನು ಮೇಲೇರುವಾಗ ಎರಡು ಕೆಳಗಿಳಿಯುತ್ತವೆ. ಆದರೆ ಕನೆಕ್ಟಿಂಗ್ ರಾಡು ಓರೆಯಾಗಿ ಆಡುವುದರಿಂದ ಪಿಸ್ಟನ್ನಿನ ವೇಗ ಮೇಲಿನರ್ಧದಲ್ಲಿ ಹೆಚ್ಚು, ಕೆಳಗಿನರ್ಧದಲ್ಲಿ ಕಡಿಮೆ. ಹಾಗಾಗಿ ಒಂದರ ಬಲ ಇನ್ನೊಂದನ್ನು ಪೂರ್ತಿ ಹೊಡೆದುಹಾಕುವುದಿಲ್ಲ. ಸುತ್ತಿಗೆ ಎರಡು ಸಲದಂತೆ ಒಂದು ಸಣ್ಣ ಕುಲುಕು ಉಳಿದೇ ಉಳಿಯುತ್ತದೆ. ಎದುರುಬದುರಾಗಿ ತಿರುಗುವ ಎರಡು ಸಮತೋಲನದ ದಂಡಗಳನ್ನಿಟ್ಟು ಈ ಕುಲುಕನ್ನು ಅಡಗಿಸಬಹುದೆಂದು ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ತೋರಿಸಿದ. ಅಂಬಾಸಡರಿನಂಥ ಸರಳ ಗಾಡಿಯಲ್ಲಿ ಆ ದಂಡಗಳಿಲ್ಲ. ಇಂಜಿನನ್ನು ರಬ್ಬರು ದಿಂಡುಗಳ ಮೇಲೆ ಕೂರಿಸಿ ಕುಲುಕು ಒಳಗೆ ಕುಳಿತವರಿಗೆ ತಟ್ಟದಂತೆ ಮಾಡಿದ್ದಾರೆ. ಮಾರುತಿ ೮೦೦ರ ಇಂಜಿನಿಗೆ ಮೂರೇ ಸಿಲಿಂಡರು. ಅದು ಐಡ್ಲಿಂಗಿನಲ್ಲಿ ಹುಟ್ಟಾ ಸ್ವಲ್ಪ ಅಲುಗುವ ಗಾಡಿ. ಆದಕಾರಣ ನಿಮ್ಮ ಗಾಡಿ ಚೆನ್ನಾಗಿದ್ದಾಗ ಎಷ್ಟು ಅಲುಗುತ್ತಿತ್ತು ಎಂಬುದು ನಿಮ್ಮ ಕೈಗೆ ಗೊತ್ತಿರಬೇಕು.

ಈಗ ಪರೀಕ್ಷೆಗೆ ಬರೋಣ. ಮೊದಲನೆಯ ಪರೀಕ್ಷೆಗೆ ಸ್ಪಾನರು ಬೇಡ, ದುಡ್ಡೂ ಬೇಡ. ನಡುಕ ಯಾವಾಗ ಬರುತ್ತದೆ ಎಂದು ಗಮನಿಸಿದರೆ ಸಾಕು. ಗಾಡಿಯನ್ನು ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮೆಲ್ಲಗೆ ರೇಸ್ ಕೊಡಿ. ನಿಂತಲ್ಲಿಯೇ ನಡುಗಿದರೆ ದೋಷ ಇಂಜಿನಿನ ಕಡೆಯದು. ನಿಂತಾಗ ಸುಮ್ಮನಿದ್ದು, ದಾರಿಯಲ್ಲಿ ೬೦ ಅಥವಾ ೭೦ ಕಿಲೋಮೀಟರು ವೇಗಕ್ಕೆ ಮಾತ್ರ ನಡುಗಿದರೆ ಗೇರು ಬದಲಿಸಿ ನೋಡಿ. ಗೇರು ಯಾವುದೇ ಇರಲಿ, ಅದೇ ವೇಗದಲ್ಲಿ ನಡುಕ ಬಂದರೆ ಇಂಜಿನಿನದು ತಪ್ಪಲ್ಲ. ಚಕ್ರ, ಟಯರು, ಇಲ್ಲವೆ ಹಿಂದಿನ ಹೌಸಿಂಗಿಗೆ ಹೋಗುವ ಪ್ರೊಪೆಲ್ಲರ್ ಷಾಫ್ಟು. ಈ ಷಾಫ್ಟು ಚಕ್ರಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಬೇಗ ತಿರುಗುತ್ತದೆ. ಆದ್ದರಿಂದ ನಿಧಾನವಾದ ಗುದ್ದಾಟವಾದರೆ ಚಕ್ರವನ್ನೂ, ಸೀಟಿನಡಿ ಬರುವ ಬಿರುಸಾದ ಝೇಂಕಾರವಾದರೆ ಷಾಫ್ಟಿನ ಕ್ರಾಸನ್ನೂ ನೋಡಬೇಕು. ಬ್ರೇಕು ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡ್ರಮ್ಮು. ಕ್ಲಚ್ಚು ಬಿಡುವಾಗ ಮಾತ್ರ ನಡುಗಿದರೆ ಕ್ಲಚ್ ಪ್ಲೇಟು ಅಥವಾ ಇಂಜಿನಿನ ಕೆಳಗಿನ ರಬ್ಬರು. ನಡುಕದೊಂದಿಗೆ ಸ್ಟಿಯರಿಂಗು ದಿನದಿನಕ್ಕೆ ಹೆಚ್ಚು ಆಡತೊಡಗಿದರೆ ಅಂದೇ ವೀಲ್ ನಟ್ಟು, ಬೇರಿಂಗುಗಳನ್ನು ನೋಡಿಸಬೇಕು. ಇಂಜಿನಿನ ತಳದಿಂದ ದಪ್ಪ ಸುತ್ತಿಗೆ ಬಡಿದಂಥ ಸದ್ದು ಬಂದು, ಆಯಿಲ್ ದೀಪವೂ ಹೊತ್ತಿಕೊಂಡರೆ ಮನೆಯವರೆಗೂ ಓಡಿಸಬಾರದು, ಅಲ್ಲಿಯೇ ನಿಲ್ಲಿಸಬೇಕು.

ಭಾವನವರ ಗಾಡಿ ನಿಂತಲ್ಲಿಯೇ ನಡುಗುತ್ತಿತ್ತು. ರೇಸ್ ಕೊಟ್ಟರೆ ನಡುಕ ಕಡಿಮೆ, ಕಾಲೆತ್ತಿದರೆ ಹೆಚ್ಚು. ಸೈಲೆನ್ಸರಿನ ಬಾಯಿಗೆ ಅಂಗೈ ದೂರ ಹಿಡಿದರೆ ಹೊಗೆ ಸಮವಾಗಿ ಬರದೆ ‘ಪುಫ್, ಪುಫ್’ ಎಂದು ನಡುನಡುವೆ ತಪ್ಪುತ್ತಿತ್ತು. ಇದು ಮಿಸ್ಸಿಂಗಿನ ಲಕ್ಷಣ.

ಯಾವ ಸಿಲಿಂಡರು ಕೆಲಸ ಬಿಟ್ಟಿದೆ ಎಂದು ಕಂಡುಹಿಡಿಯುವ ಹಳೆಯ ಉಪಾಯ ಒಂದಿದೆ. ಒಂದೊಂದೇ ಪ್ಲಗ್ಗಿನ ವಯರು ಬಿಡಿಸಿ ಇಂಜಿನು ಓಡಿಸಿ ನೋಡುವುದು. ಕೆಲಸ ಮಾಡುತ್ತಿರುವ ಸಿಲಿಂಡರಿನ ವಯರು ಬಿಡಿಸಿದರೆ ನಡುಕ ಹೆಚ್ಚುತ್ತದೆ. ಯಾವುದನ್ನು ಬಿಡಿಸಿದರೂ ಏನೂ ವ್ಯತ್ಯಾಸವಾಗುವುದಿಲ್ಲವೋ ಅದೇ ಸೋಮಾರಿ. ಆದರೆ ಇಲ್ಲಿ ಎರಡು ಎಚ್ಚರಿಕೆಯ ಮಾತು. ಓಡುತ್ತಿರುವ ಇಂಜಿನಿನ ವಯರನ್ನು ಕೈಯಿಂದ ಕೀಳಬೇಡಿ. ಅದರಲ್ಲಿ ಸಾವಿರಾರು ವೋಲ್ಟಿನ ವಿದ್ಯುತ್ತಿರುತ್ತದೆ. ಪ್ರತಿ ಸಲವೂ ಇಂಜಿನು ನಿಲ್ಲಿಸಿ, ವಯರು ಬಿಡಿಸಿ, ಅದರ ತುದಿ ಇಂಜಿನಿನ ಲೋಹಕ್ಕೆ ತಾಗಿರುವಂತೆ ಕಟ್ಟಿ, ಆಮೇಲೆ ಚಾಲೂ ಮಾಡಬೇಕು. ಎರಡನೆಯದಾಗಿ, ಇದು ಪಾಯಿಂಟು, ಕಂಡೆನ್ಸರು ಇರುವ ಹಳೆಯ ಗಾಡಿಗೆ ಮಾತ್ರ. ಕಂಪ್ಯೂಟರ್ ಪೆಟ್ಟಿಗೆಯಿರುವ ಹೊಸ ಗಾಡಿಗಳಲ್ಲಿ ಹೀಗೆ ಮಾಡಿದರೆ ಬೇರೆ ಭಾಗಗಳು ಕೆಡುತ್ತವೆ.

ನಮ್ಮ ಪರೀಕ್ಷೆಯಲ್ಲಿ ಮೂರನೆಯ ಸಿಲಿಂಡರು ಸಿಕ್ಕಿಬಿತ್ತು. ಪ್ಲಗ್ಗು ಬಿಚ್ಚಿ ನೋಡಿದೆವು. ಪ್ಲಗ್ಗಿನ ಮೂತಿ ವೈದ್ಯರಿಗೆ ನಾಲಿಗೆ ಇದ್ದ ಹಾಗೆ. ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕರಿ ಮಸಿಯಾದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ರಿಂಗು ಅಥವಾ ವಾಲ್ವ್ ಗೈಡಿನಿಂದ ಆಯಿಲ್ ನುಗ್ಗುತ್ತಿದೆ. ಸುಣ್ಣದಂತೆ ಬಿಳುಪಾಗಿದ್ದರೆ ಅತಿಯಾದ ಶಾಖ. ನಾಲ್ಕು ಪ್ಲಗ್ಗುಗಳಿಗೂ ಸ್ವಲ್ಪ ಮಸಿಯಿತ್ತು. ಕಾರಣ ಏರ್ ಫಿಲ್ಟರಿನಲ್ಲಿ ಸಿಕ್ಕಿತು: ಚಳ್ಳಕೆರೆ ಸೀಮೆಯ ಕೆಂಧೂಳು ಅದರಲ್ಲಿ ಅಂಗುಲದಷ್ಟು ಕಟ್ಟಿಕೊಂಡಿತ್ತು. ಕರ್ನಾಟಕದಲ್ಲಿ ಬಹಳ ಕಡಿಮೆ ಮಳೆ ಬೀಳುವ ನಮ್ಮ ಬಯಲಿನಲ್ಲಿ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ ಲೆಕ್ಕಕ್ಕಿಂತ ಮೊದಲೇ ನೋಡಬೇಕು. ಮೂರನೆಯ ಪ್ಲಗ್ಗು ಮಾತ್ರ ಪೆಟ್ರೋಲಿನಿಂದ ಒದ್ದೆಯಾಗಿತ್ತು, ಆಯಿಲಿನಿಂದಲ್ಲ. ಹೊಸ ಪ್ಲಗ್ಗು ಹಾಕಿದೆವು, ಪಾಯಿಂಟಿನ ಸಂದನ್ನು ಸರಿಮಾಡಿದೆವು. ನಡುಕ ಸ್ವಲ್ಪ ತಗ್ಗಿತು, ಹೋಗಲಿಲ್ಲ.

ಹೀಗಾದಾಗ ಮಾಡಿಸಬೇಕಾದದ್ದು ಕಂಪ್ರೆಷನ್ ಪರೀಕ್ಷೆ. ನಾಲ್ಕೂ ಪ್ಲಗ್ಗು ಬಿಚ್ಚಿ, ಆಕ್ಸಿಲರೇಟರನ್ನು ಪೂರ್ತಿ ತುಳಿದು, ಸೆಲ್ಫ್ ಮೋಟಾರಿನಿಂದ ಇಂಜಿನು ತಿರುಗಿಸಿ, ಒಂದೊಂದು ಸಿಲಿಂಡರಿನ ಒತ್ತಡವನ್ನು ಗೇಜಿನಲ್ಲಿ ನೋಡುವುದು. ಇದಕ್ಕೆ ಅರ್ಧ ಗಂಟೆ ಸಾಕು. ಇಂಜಿನು ಇಳಿಸಬೇಕೆಂದು ಯಾರೇ ಹೇಳಲಿ, ಈ ಅರ್ಧ ಗಂಟೆಯ ಪರೀಕ್ಷೆಯನ್ನು ಮೊದಲು ನಿಮ್ಮ ಕಣ್ಣೆದುರಿಗೆ ಮಾಡಿಸಿ. ನಮಗೆ ಬಂದ ಲೆಕ್ಕ ೧೧೦, ೧೧೫, ೬೫, ೧೧೨ ಪೌಂಡು. ಇಲ್ಲಿ ನೋಡಬೇಕಾದದ್ದು ಅಂಕಿ ಎಷ್ಟು ದೊಡ್ಡದು ಎಂಬುದಕ್ಕಿಂತ ನಾಲ್ಕೂ ಒಂದಕ್ಕೊಂದು ಹೊಂದುತ್ತವೆಯೆ ಎಂಬುದನ್ನು. ನೂರಕ್ಕೆ ೧೦–೧೫ರಷ್ಟು ವ್ಯತ್ಯಾಸವಿದ್ದರೆ ಚಿಂತೆಯಿಲ್ಲ. ನಾಲ್ಕೂ ಒಟ್ಟಿಗೆ ಬಿದ್ದಿದ್ದರೆ ಮುದಿತನ. ಅಕ್ಕಪಕ್ಕದ ಎರಡು ಬಿದ್ದಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು. ಒಂದೇ ಬಿದ್ದಿದ್ದರೆ ಆ ಒಂದಕ್ಕೇ ರೋಗ.

ಆ ಒಂದರಲ್ಲಿ ಬೋರು, ರಿಂಗು ಸವೆದಿದೆಯೋ, ವಾಲ್ವು ಸುಟ್ಟಿದೆಯೋ? ಅದನ್ನು ತಿಳಿಯಲು ಒಂದು ಚಮಚ ಇಂಜಿನ್ ಆಯಿಲ್ ಸಾಕು. ಪ್ಲಗ್ಗಿನ ತೂತಿನಿಂದ ಅದನ್ನು ಒಳಗೆ ಹನಿಸಿ ಮತ್ತೆ ಒತ್ತಡ ನೋಡಬೇಕು. ಎಣ್ಣೆ ರಿಂಗಿನ ಸಂದನ್ನು ಮುಚ್ಚಿ ಒತ್ತಡ ಏರಿದರೆ ರೋಗ ಕೆಳಗಿದೆ, ಬೋರು ಮತ್ತು ರಿಂಗಿನಲ್ಲಿದೆ. ಏರದಿದ್ದರೆ ರೋಗ ಮೇಲಿದೆ, ವಾಲ್ವಿನಲ್ಲಿದೆ. ನಮ್ಮ ೬೫ ಪೌಂಡು ಎಣ್ಣೆ ಬಿಟ್ಟ ಮೇಲೆ ೬೮ ಆಯಿತು, ಅಷ್ಟೆ. ೬೦,೦೦೦ ರೂಪಾಯಿಯ ಬೋರಿನ ಮಾತು ಆ ಚಮಚ ಎಣ್ಣೆಯಲ್ಲಿ ಬಿದ್ದುಹೋಯಿತು. ಹೆಡ್ಡು ಬಿಚ್ಚಿದಾಗ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಅಂಚು ಕಡಿದ ಚಕ್ಕುಲಿಯ ಹಾಗೆ ಸುಟ್ಟು ಹೋಗಿತ್ತು.

ವಾಲ್ವು ಏಕೆ ಸುಟ್ಟಿತು ಎಂಬುದರಲ್ಲಿ ಹಳೆಯ ಗಾಡಿಯವರೆಲ್ಲ ತಿಳಿಯಬೇಕಾದ ಪಾಠವಿದೆ. ಹಿಂದೆ ಪೆಟ್ರೋಲಿನಲ್ಲಿ ಸೀಸದ ಒಂದು ಸಂಯುಕ್ತ ಬೆರೆತಿರುತ್ತಿತ್ತು. ಅದು ಉರಿದಾಗ ವಾಲ್ವು ಕೂರುವ ಜಾಗದ ಮೇಲೆ ತೆಳುವಾದ ಲೇಪ ಕೂರುತ್ತಿತ್ತು. ಮೆತ್ತನೆಯ ಎರಕದ ಕಬ್ಬಿಣದ ಹೆಡ್ಡಿಗೆ ಅದೇ ಕಾಪು. ಸೀಸ ಮನುಷ್ಯರಿಗೆ, ಮುಖ್ಯವಾಗಿ ಮಕ್ಕಳ ಮೆದುಳಿಗೆ, ವಿಷವಾದ್ದರಿಂದ ೨೦೦೦ದ ಫೆಬ್ರವರಿಯಿಂದ ನಮ್ಮ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ ಬಂತು. ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಅದಕ್ಕೂ ಮೊದಲಿನ ಇಂಜಿನುಗಳಲ್ಲಿ ವಾಲ್ವಿನ ಪೀಠ ಮೆಲ್ಲಮೆಲ್ಲಗೆ ಸವೆದು, ವಾಲ್ವು ಒಳಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಟ್ಯಾಪೆಟ್ಟಿನ ಸಂದು ಕಿರಿದಾಗುತ್ತದೆ. ಕೊನೆಗೆ ವಾಲ್ವು ಪೂರ್ತಿ ಮುಚ್ಚುವುದೇ ಇಲ್ಲ. ಉರಿಯುವ ಅನಿಲ ಸಂದಿಯಲ್ಲಿ ನುಗ್ಗಿ ಅಂಚನ್ನು ಸುಡುತ್ತದೆ.

ಇದರಲ್ಲಿ ಮೋಸವೇನೆಂದರೆ, ಸಂದು ಕಿರಿದಾದ ಟ್ಯಾಪೆಟ್ಟು ಸದ್ದು ಮಾಡುವುದಿಲ್ಲ. ಸಂದು ಹೆಚ್ಚಾದರೆ ಟಕಟಕ ಎನ್ನುತ್ತದೆ, ನಾವು ಗ್ಯಾರೇಜಿಗೆ ಓಡುತ್ತೇವೆ. ಕಡಿಮೆಯಾದರೆ ಸುಮ್ಮನಾಗುತ್ತದೆ, ಇಂಜಿನು ಎಷ್ಟು ಮೆತ್ತಗೆ ಓಡುತ್ತದೆ ಎಂದು ಸಂತೋಷಪಡುತ್ತೇವೆ. ಭಾವನವರೂ ನಾಲ್ಕು ವರ್ಷ ಹಾಗೆಯೇ ಸಂತೋಷಪಟ್ಟಿದ್ದರು. ಹಳೆಯ ಇಂಜಿನಿನ ಟ್ಯಾಪೆಟ್ಟು ಸಣ್ಣಗೆ ಮಾತಾಡುತ್ತಿದ್ದರೇ ಒಳ್ಳೆಯದು. ಪರಿಹಾರವೂ ಇದೆ: ಲೇತಿನವರ ಹತ್ತಿರ ಹೆಡ್ಡು ಕೊರೆಸಿ, ಗಟ್ಟಿ ಉಕ್ಕಿನ ವಾಲ್ವ್ ಸೀಟುಗಳನ್ನು ಕೂರಿಸುವುದು. ಒಮ್ಮೆ ಮಾಡಿಸಿದರೆ ಸೀಸದ ಕಾಪು ಬೇಕಾಗುವುದಿಲ್ಲ.

ಪೆಟ್ರೋಲಿನ ಮಾತು ಬಂದಿದ್ದರಿಂದ ಇನ್ನೊಂದು ವಿಷಯ ಹೇಳುತ್ತೇನೆ. ನೂರಕ್ಕೆ ೨೦ ಭಾಗ ಎಥನಾಲ್ ಬೆರೆತ ಪೆಟ್ರೋಲಿಗೆ ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಎಥನಾಲು ನೀರನ್ನು ಹೀರುತ್ತದೆ. ಹಳೆಯ ರಬ್ಬರು ನಳಿಕೆ, ಪಂಪಿನ ಪೊರೆಗಳನ್ನು ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಹಳೆಯ ಗಾಡಿ ಚಾಲೂ ಮಾಡಿದೊಡನೆ ಜಗ್ಗಿದರೆ ಮೊದಲು ಟ್ಯಾಂಕಿನ ತಳದ ನೀರು, ಆಮೇಲೆ ಕಾರ್ಬ್ಯುರೇಟರಿನ ಕಸ ನೋಡಬೇಕು. ಪೆಟ್ರೋಲ್ ಪೈಪನ್ನು ಎಥನಾಲು ತಾಳುವ ಹೊಸದಕ್ಕೆ ಬದಲಿಸಿಕೊಳ್ಳಬೇಕು. ಇದು ನಡುಕಕ್ಕಷ್ಟೇ ಅಲ್ಲ, ಬೆಂಕಿಯಿಂದ ಕಾಪಾಡಿಕೊಳ್ಳುವುದಕ್ಕೂ ಬೇಕು.

ಹೆಡ್ಡು ಕೂರಿಸಿ ಇಂಜಿನು ಚಾಲೂ ಮಾಡಿದಾಗ ನಾಲ್ಕೂ ಸಿಲಿಂಡರು ಒಂದೇ ತಾಳದಲ್ಲಿ ನಡೆದವು. ಆದರೂ ಬಾಗಿಲ ಗಾಜು ಮಾತ್ರ ಗಡಗಡ ಎನ್ನುವುದು ನಿಲ್ಲಲಿಲ್ಲ. ರೋಗ ಒಂದೇ ಇರಬೇಕೆಂದು ಯಾರು ಹೇಳಿದರು? ಮೇಸ್ತ್ರಿಗಳು ‘ಫೌಂಡೇಶನ್’ ಎನ್ನುವ ಇಂಜಿನಿನ ಕೆಳಗಿನ ರಬ್ಬರುಗಳು ವರ್ಷಗಟ್ಟಲೆ ಸೋರಿದ ಆಯಿಲಿನಲ್ಲಿ ನೆನೆದು ಹಲಸಿನ ತೊಳೆಯಂತಾಗಿದ್ದವು. ಇಂಜಿನು ಒಂದು ಕಡೆ ಕುಸಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಇದನ್ನು ಪರೀಕ್ಷಿಸುವುದು ಸುಲಭ. ಇಂಜಿನು ನಿಲ್ಲಿಸಿ, ಜಾಕಿನ ಮೇಲೆ ಮರದ ತುಂಡಿಟ್ಟು ಸಂಪಿಗೆ ಮೆಲ್ಲಗೆ ಆನಿಸಿ ಸ್ವಲ್ಪ ಎತ್ತಿ ನೋಡಿದರೆ ರಬ್ಬರು ಹರಿದಿರುವುದು ಕಾಣುತ್ತದೆ. ರಬ್ಬರು ಬದಲಿಸಿದೆವು, ಆಯಿಲ್ ಸೋರುವುದನ್ನೂ ನಿಲ್ಲಿಸಿದೆವು. ಸೋರುವುದನ್ನು ನಿಲ್ಲಿಸದೆ ರಬ್ಬರು ಬದಲಿಸಿದರೆ ವರ್ಷದೊಳಗೆ ಮತ್ತೆ ಅದೇ ಕಥೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಹೆಡ್ಡು ಬಿಚ್ಚುವ ಮೊದಲು, ದುಡ್ಡು ಸುರಿಯುವ ಮೊದಲು, ನಾವು ಮೂರು ಲೆಕ್ಕ ಮಾಡಿದ್ದೆವು. ರಿಪೇರಿಯೋ ಗುಜರಿಯೋ ಎಂಬ ತೀರ್ಮಾನ ಆ ಲೆಕ್ಕದಲ್ಲಿದೆ.

ಮೊದಲನೆಯದು ಒಡಲಿನ ಲೆಕ್ಕ. ಇಂಜಿನನ್ನು ಬದಲಿಸಬಹುದು, ಆದರೆ ತುಕ್ಕು ತಿಂದ ಮೈಯನ್ನು ಬದಲಿಸಲು ಆಗುವುದಿಲ್ಲ. ಗಾಡಿಯ ಕೆಳಗೆ ನುಗ್ಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು. ಹಿಂದಿನ ಪಾಟಾ ಸ್ಪ್ರಿಂಗು ತಗುಲಿರುವ ಜಾಗ, ಮುಂದಿನ ಚಕ್ರದ ತೋಳು ಹಿಡಿದಿರುವ ಜಾಗ, ಜಾಕು ಕೊಡುವ ಜಾಗ, ಕಾಲಿಡುವ ತಗಡು. ‘ಠಣ್’ ಎಂದರೆ ಉಕ್ಕು ಉಳಿದಿದೆ. ‘ಬದ್’ ಎಂದು ಪುಡಿ ಉದುರಿದರೆ ಅಲ್ಲಿಗೆ ಮಾತು ಮುಗಿಯಿತು. ನಮ್ಮ ಒಣ ಹವೆ ಈ ಒಂದು ವಿಷಯದಲ್ಲಿ ಉಪಕಾರಿ. ಭಾವನವರ ಗಾಡಿ ‘ಠಣ್’ ಎಂದಿತು.

ಎರಡನೆಯದು ಕಾಗದ ಮತ್ತು ಬಿಡಿಭಾಗಗಳ ಲೆಕ್ಕ. ಖಾಸಗಿ ಕಾರಿನ ನೋಂದಣಿ ೧೫ ವರ್ಷಕ್ಕೆ. ಆಮೇಲೆ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ೬೦೦ ರೂಪಾಯಿಯಿದ್ದ ಈ ಶುಲ್ಕ ೨೦೨೨ರ ಏಪ್ರಿಲಿನಿಂದ ೫,೦೦೦ ಆಯಿತು. ೨೦ ವರ್ಷ ದಾಟಿದ ಕಾರುಗಳಿಗೆ ೨೦೨೫ರಲ್ಲಿ ೧೦,೦೦೦ಕ್ಕೆ ಏರಿತು. ಹೊಗೆ ಪರೀಕ್ಷೆಯಲ್ಲೂ ಮಿಸ್ಸಿಂಗ್ ಇರುವ ಗಾಡಿ ಉರಿಯದ ಪೆಟ್ರೋಲನ್ನು ಉಗುಳಿ ಸಿಕ್ಕಿಬೀಳುತ್ತದೆ. ಬಿಡಿಭಾಗದ ವಿಚಾರ ನೋಡಿದರೆ, ಪ್ರೀಮಿಯರ್ ಪದ್ಮಿನಿ ಹೊಸ ಶತಮಾನದ ಬಾಗಿಲಲ್ಲೇ ನಿಂತುಹೋಯಿತು. ಅಂಬಾಸಡರ್ ಮತ್ತು ಮಾರುತಿ ೮೦೦ರ ತಯಾರಿಕೆ ಎರಡೂ ೨೦೧೪ರಲ್ಲಿ ನಿಂತವು. ಅಂಬಾಸಡರಿನ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಹೆಡ್ಡು ಬಿಚ್ಚುವ ಮೊದಲು ವಾಲ್ವು, ಗ್ಯಾಸ್ಕೆಟ್ಟು ಕೈಗೆ ಬಂದಿರಬೇಕು. ಇಲ್ಲದಿದ್ದರೆ ಬಿಚ್ಚಿದ ಇಂಜಿನು ಅಂಗಳದಲ್ಲಿ ಕೋಳಿಗೂಡಾಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಉಪಯೋಗದ ಲೆಕ್ಕ. ಜನ ಸಾಮಾನ್ಯವಾಗಿ ರಿಪೇರಿಯ ಖರ್ಚನ್ನು ಗಾಡಿ ಮಾರಿದರೆ ಬರುವ ಬೆಲೆಯೊಂದಿಗೆ ಹೋಲಿಸುತ್ತಾರೆ. ಹಾಗೆ ನೋಡಿದರೆ ಭಾವನವರ ಗಾಡಿ ಅಂದೇ ಗುಜರಿ ಸೇರಬೇಕಿತ್ತು: ಹೆಡ್ಡಿನ ಕೆಲಸಕ್ಕೆ ೧೭,೦೦೦, ರಬ್ಬರು, ಪ್ಲಗ್ಗು, ವಯರು, ಪೈಪು, ಫಿಲ್ಟರಿಗೆ ೫,೫೦೦, ಬ್ರೇಕಿನ ಕೆಲಸಕ್ಕೆ ೭,೫೦೦, ನೋಂದಣಿಗೆ ೫,೦೦೦, ಒಟ್ಟು ೩೫,೦೦೦ ರೂಪಾಯಿ. ಗುಜರಿಯವರು ಕೊಡುತ್ತಿದ್ದದ್ದು ೨೮,೦೦೦. ಆದರೆ ಈ ಹೋಲಿಕೆಯೇ ತಪ್ಪು. ಗಾಡಿ ಇಲ್ಲವಾದರೆ ಅಕ್ಕ ಚಳ್ಳಕೆರೆಗೆ ಹೇಗೆ ಹೋಗಬೇಕು? ಬಾಡಿಗೆ ಕಾರು ಹೋಗಿ ಕಾದು ಬರಲು ೧,೨೦೦ ರೂಪಾಯಿ ಕೇಳುತ್ತಿತ್ತು. ಸ್ವಂತ ಗಾಡಿಗೆ ಪೆಟ್ರೋಲು ೪೦೦. ಒಂದು ಸಲಕ್ಕೆ ೮೦೦ ಉಳಿತಾಯ. ತಿಂಗಳಿಗೆ ಎಂಟು ಸಲಕ್ಕೆ ೬,೪೦೦. ಹಾಕಿದ ೩೫,೦೦೦ ಆರು ತಿಂಗಳೊಳಗೆ ಹಿಂದಕ್ಕೆ ಬರುತ್ತದೆ. ಹೋಲಿಸಬೇಕಾದದ್ದು ಗಾಡಿಯ ಬೆಲೆಯನ್ನಲ್ಲ, ಮುಂದಿನ ಒಂದು ವರ್ಷ ಗಾಡಿ ಇದ್ದರೆ ಆಗುವ ಖರ್ಚನ್ನು ಮತ್ತು ಇಲ್ಲದಿದ್ದರೆ ಆಗುವ ಖರ್ಚನ್ನು.

ಇದೇ ಮೂರು ಲೆಕ್ಕ ಇನ್ನೊಬ್ಬರಿಗೆ ಬೇರೆ ಉತ್ತರ ಕೊಟ್ಟಿತು. ಭಾವನವರ ಗಾಡಿ ಸರಿಯಾದ ಸುದ್ದಿ ಕೇಳಿ ಮೊಳಕಾಲ್ಮೂರಿನ ಕಡೆಯ ನೇಕಾರರೊಬ್ಬರು ತಮ್ಮ ೨೦೦೪ರ ಮಾರುತಿ ೮೦೦ ತಂದರು. ಮಗ್ಗದ ದುಡಿಮೆಯಿಂದ ಅವರ ಮನೆಗೆ ಬಂದ ಮೊದಲ ಕಾರು. ೬೦ ದಾಟಿದರೆ ಸ್ಟಿಯರಿಂಗು ನಡುಗುತ್ತದೆ, ಇಂಜಿನು ನೋಡಿ ಎಂದರು. ಇಂಜಿನು ಬಂಗಾರದಂತಿತ್ತು. ಚಕ್ರದ ಬ್ಯಾಲೆನ್ಸಿಂಗು ತಪ್ಪಿತ್ತು, ನಾಲ್ಕು ನೂರು ರೂಪಾಯಿಯ ಕೆಲಸ. ಅವರ ಮುಖ ಅರಳಿತು. ಆದರೆ ಗಾಡಿಯ ಕೆಳಗೆ ತಟ್ಟಿದಾಗ ಮುಂದಿನ ಎಡ ಚಕ್ರದ ತೋಳು ಹಿಡಿದಿದ್ದ ತಗಡು ಬೆರಳಿಗೇ ಪುಡಿಯಾಗಿ ಬಂತು. ಹಿಂದಿನ ಮಾಲೀಕರು ಅದನ್ನು ಕರಾವಳಿಯಲ್ಲಿ ಓಡಿಸಿದ್ದರಂತೆ. ಮೇಲೆ ಬಣ್ಣ ಹೊಳೆಯುತ್ತಿತ್ತು. ಹೆದ್ದಾರಿಯಲ್ಲಿ ಆ ತೋಳು ಕಳಚಿದರೆ ಚಕ್ರ ಮಲಗಿಬಿಡುತ್ತದೆ. “ಇದಕ್ಕೆ ಒಂದು ಪೈಸೆಯನ್ನೂ ಹಾಕಬೇಡಿ, ಮಕ್ಕಳನ್ನು ಕೂರಿಸಿಕೊಂಡು ಓಡಿಸಲೂ ಬೇಡಿ” ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇಂಜಿನು ಚೆನ್ನಾಗಿದೆ ಅಂದರಲ್ಲ ಸಾರ್” ಎಂದಷ್ಟೇ ಕೇಳಿದರು.

ಚೆನ್ನಾಗಿಯೇ ಇತ್ತು. ಹೀಗೆ ಹೇಳುವುದು ಮೇಸ್ತ್ರಿಗೂ ಕಷ್ಟ, ಕೇಳುವುದು ಮಾಲೀಕರಿಗೂ ಕಷ್ಟ. ಅಂಥ ಗಾಡಿಯನ್ನು ಸುಣ್ಣ ಬಣ್ಣ ಬಳಿದು ಇನ್ನೊಬ್ಬ ಬಡವರಿಗೆ ಮಾರುವುದು ಪಾಪದ ಕೆಲಸ. ೨೦೨೧ರ ನಿಯಮಗಳ ಪ್ರಕಾರ ಅಧಿಕೃತವಾಗಿ ನೋಂದಾಯಿತವಾದ ಗುಜರಿ ಕೇಂದ್ರಗಳಿವೆ. ಅಲ್ಲಿಗೆ ಕೊಟ್ಟು ಪ್ರಮಾಣಪತ್ರ ಪಡೆದು, ನೋಂದಣಿಯನ್ನು ರದ್ದು ಮಾಡಿಸಬೇಕು. ಇಲ್ಲವಾದರೆ ಗಾಡಿ ಹೋದರೂ ಅದರ ಹೆಸರಿನ ಹೊಣೆ ನಿಮ್ಮ ತಲೆಯ ಮೇಲೆಯೇ ಉಳಿಯುತ್ತದೆ. ನೇಕಾರರು ಹಾಗೆಯೇ ಮಾಡಿದರು.

ಒಂದು ಗಾಡಿಗೆ ದೊಡ್ಡ ನಡುಕ, ಆದರೆ ಅದು ಉಳಿಯಿತು. ಇನ್ನೊಂದಕ್ಕೆ ಸಣ್ಣ ನಡುಕ, ಅದು ಹೋಯಿತು. ಆದಕಾರಣ ನಿಮ್ಮ ಗಾಡಿ ನಡುಗಿದರೆ ಹೆದರಿ ಮಾರಬೇಡಿ, ಪ್ರೀತಿಯಿಂದ ಕುರುಡರಾಗಿ ದುಡ್ಡನ್ನೂ ಸುರಿಯಬೇಡಿ. ನಡುಕ ಯಾವಾಗ ಬರುತ್ತದೆಂದು ಬರೆದಿಟ್ಟುಕೊಳ್ಳಿ. ಕಡಿಮೆ ಖರ್ಚಿನ ಪರೀಕ್ಷೆಗಳನ್ನು ಮೊದಲು ಮಾಡಿಸಿ. ಕಾರಣ ತಿಳಿದ ಮೇಲೆ ಗಾಡಿಯ ಕೆಳಗೆ ನುಗ್ಗಿ ನೋಡಿ. ಎಲ್ಲದರ ಮೇಲೆ, ಆ ಗಾಡಿಯಲ್ಲಿ ಕೂರುವವರು ಯಾರು, ಅದು ದಾರಿಯಲ್ಲಿ ನಿಂತರೆ ಅವರಿಗೇನಾಗುತ್ತದೆ ಎಂದು ಕೇಳಿಕೊಳ್ಳಿ.

ಭಾವನವರು ಶೇಂಗಾದ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಈಗ ಟ್ಯಾಪೆಟ್ಟು ನೋಡಿಸಿದ ತಾರೀಖುಗಳನ್ನೂ ಬರೆದಿಡುತ್ತಾರೆ. ೨೦೨೮ಕ್ಕೆ ನೋಂದಣಿ ಮತ್ತೆ ಮುಗಿಯುತ್ತದೆ; ಆಗ ಮತ್ತೆ ತಟ್ಟಿ ನೋಡಿ, ಮತ್ತೆ ಲೆಕ್ಕ ಹಾಕುವುದೆಂದು ತೀರ್ಮಾನವಾಗಿದೆ. ರಿಪೇರಿಯಾದ ಮೇಲೆ ಮೊದಲ ಸಲ ಚಳ್ಳಕೆರೆಯಿಂದ ಹಿಂದಿರುಗುವಾಗ ಗಾಡಿ ನಡೆಸಿದವನು ನಾನೇ. ಅಕ್ಕ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಊರ ಹತ್ತಿರ ಬಂದಾಗ, “ಚೆನ್ನಾಗಿ ಓಡ್ತಾ ಇದೆಯಾ ಅಕ್ಕ?” ಎಂದು ಕೇಳಿದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಗಾಢವಾದ ನಿದ್ದೆ.